ಕುದುರೆಯ ಕಾಲಿನ ಗಾಯ ಮತ್ತು ಕುಂಟು: ಆರೈಕೆಯಲ್ಲಿ ನಾನು ಅನುಸರಿಸಿದ ಕ್ರಮ

ಕುದುರೆಯ ಕಾಲಿಗೆ ಪೆಟ್ಟು ಬಿದ್ದಾಗ ಗಾಯ ಮಾಯುವುದನ್ನೂ ಕುಂಟು ಕಡಿಮೆಯಾಗುವುದನ್ನೂ ನಾನು ಒಂದೇ ಎಂದು ಎಣಿಸುವುದಿಲ್ಲ. ತಂತಿಬೇಲಿಗೆ ಸಿಕ್ಕಿ ನನ್ನ ಹೆಣ್ಣುಕುದುರೆಯ ಹಿಂಗಾಲು ಹಾಕ್ ಕೀಲಿನ (ಹಿಂಗಾಲಿನ ನಡುವೆ ಹಿಂದಕ್ಕೆ ಚಾಚಿಕೊಂಡಿರುವ ಕೀಲು) ಕೆಳಗೆ, ಮುಂಭಾಗದಲ್ಲಿ, ಮೂಳೆ ಕಾಣುವಷ್ಟು ಆಳವಾಗಿ ಸೀಳಿದಾಗಿನಿಂದ ಅದು ಪೂರ್ತಿ ಚೇತರಿಸಿಕೊಳ್ಳುವವರೆಗೂ ಈ ಎರಡನ್ನೂ ಬೇರೆಬೇರೆಯಾಗಿಯೇ ಗಮನಿಸಿ ಬರೆದಿಟ್ಟುಕೊಂಡೆ. ಗಾಯ ನೋಡಲು ಭೀಕರವಾಗಿದ್ದರೂ ಕಾಲು ಭಾರ ಹೊರುತ್ತಿರಬಹುದು. ಚರ್ಮ ಅಂದವಾಗಿ ಕೂಡಿಕೊಳ್ಳುತ್ತಿದ್ದರೂ ಒಳಗೆ ತೊಂದರೆ ಬೆಳೆಯುತ್ತಿರಬಹುದು.

ಮೊದಲು ಮಾಡಿದ ಕೆಲಸ ರಕ್ತ ನಿಲ್ಲಿಸುವುದು. ಶುಭ್ರವಾದ ಬಟ್ಟೆಯ ದಪ್ಪ ಮಡಿಕೆಯನ್ನು ಗಾಯದ ಮೇಲಿಟ್ಟು ಒತ್ತಿ ಹಿಡಿದೆ. ಅದು ನೆನೆದಾಗ ತೆಗೆಯದೆ ಅದರ ಮೇಲೆಯೇ ಇನ್ನೊಂದನ್ನು ಇಟ್ಟೆ. ರಕ್ತ ನಿಂತ ಮೇಲೆ, ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು ಬೆರೆಸಿ, ಆ ನೀರಿನಿಂದ ಧಾರಾಳವಾಗಿ ತೊಳೆದೆ. ಪುಡಿಯನ್ನಾಗಲಿ ಮುಲಾಮನ್ನಾಗಲಿ ಹಚ್ಚಲಿಲ್ಲ, ಏಕೆಂದರೆ ಪಶುವೈದ್ಯರಿಗೆ ಗಾಯದ ಆಳ ಸ್ಪಷ್ಟವಾಗಿ ಕಾಣಬೇಕು. ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡನ್ನು ನಾನು ದೂರವೇ ಇಡುತ್ತೇನೆ. ಅದು ರೋಗಾಣುಗಳ ಜೊತೆಗೆ ಆರೋಗ್ಯವಂತ ಜೀವಕೋಶಗಳನ್ನೂ ಸುಡುತ್ತದೆ.

ಗಾಯ ಕೀಲಿನ ಹತ್ತಿರವಿದ್ದರೆ ಕಾಯುವುದಕ್ಕೆ ಅವಕಾಶವೇ ಇಲ್ಲ. ಚಿಕ್ಕದೊಂದು ತೂತು ಕೀಲಿನೊಳಗೆ ಹೊಕ್ಕಿದ್ದರೂ ಅಲ್ಲಿ ಸೋಂಕು ತಗುಲಿ ಕುದುರೆ ಶಾಶ್ವತವಾಗಿ ಕುಂಟಾಗಬಹುದು, ಪ್ರಾಣಕ್ಕೂ ಅಪಾಯವಾಗಬಹುದು. ಹಳದಿ ಬಣ್ಣದ, ಬೆರಳಿಗೆ ಎಳೆಯಾಗಿ ಅಂಟುವ ಕೀಲಿನ ದ್ರವ ಜಿನುಗುತ್ತಿದೆಯೇ ಎಂದು ನಾನು ನೋಡಿದ್ದೆ. ವೈದ್ಯರು ಗಾಯದಿಂದ ದೂರದ ಜಾಗದಲ್ಲಿ ಕೀಲಿನೊಳಕ್ಕೆ ಶುದ್ಧ ಸಲೈನನ್ನು ಚುಚ್ಚಿ, ಅದು ಗಾಯದ ಮೂಲಕ ಹೊರಬರುವುದಿಲ್ಲ ಎಂಬುದನ್ನು ಖಚಿತಪಡಿಸಿಕೊಂಡರು. ಮಾಂಸಖಂಡವನ್ನು ಮೂಳೆಗೆ ಜೋಡಿಸುವ, ಕಾಲಿನ ಹಿಂಬದಿಯ ಸ್ನಾಯುರಜ್ಜುಗಳಿಗೂ ಏಟಾಗಿರಲಿಲ್ಲ. ಅವು ಕತ್ತರಿಸಿದರೆ ಗೊರಸಿನ ಮೇಲಿನ ಗೆಣ್ಣು ಕುಸಿಯುತ್ತದೆ, ಇಲ್ಲವೇ ಗೊರಸಿನ ಮೂತಿ ಮೇಲೇಳುತ್ತದೆ. ಧನುರ್ವಾಯುವಿನ ಚುಚ್ಚುಮದ್ದನ್ನು ಅದೇ ದಿನ ಹಾಕಿಸಿದೆ. ಸಾಕುಪ್ರಾಣಿಗಳಲ್ಲಿ ಆ ರೋಗ ಕುದುರೆಯನ್ನು ಕಾಡುವಷ್ಟು ಸುಲಭವಾಗಿ ಬೇರೆ ಯಾವುದನ್ನೂ ಕಾಡುವುದಿಲ್ಲ.

ಹಾಕ್ ಕೀಲಿನ ಕೆಳಗೆ ಮಾಂಸಖಂಡವಿಲ್ಲ. ಚರ್ಮ, ಸ್ನಾಯುರಜ್ಜು ಮತ್ತು ಮೂಳೆ ಮಾತ್ರ. ಆದ್ದರಿಂದ ಅಲ್ಲಿಯ ಗಾಯ ಮೈಮೇಲಿನ ಗಾಯಕ್ಕಿಂತ ಬಹಳ ನಿಧಾನವಾಗಿ ಮಾಯುತ್ತದೆ. ನಾನು ಕಟ್ಟುತ್ತಿದ್ದ ಬ್ಯಾಂಡೇಜಿನಲ್ಲಿ ಮೂರು ಪದರಗಳಿದ್ದವು: ಗಾಯಕ್ಕೆ ಅಂಟದ ಡ್ರೆಸಿಂಗ್, ಅದರ ಮೇಲೆ ಸುಕ್ಕಿಲ್ಲದಂತೆ ಸುತ್ತಿದ ದಪ್ಪ ಹತ್ತಿ, ಹೊರಗೆ ತನಗೆ ತಾನೇ ಅಂಟಿಕೊಳ್ಳುವ ಪಟ್ಟಿ. ಹತ್ತಿ ತೆಳುವಾಗಿದ್ದು ಪಟ್ಟಿ ಬಿಗಿಯಾದರೆ ಸ್ನಾಯುರಜ್ಜಿಗೇ ಪೆಟ್ಟಾಗುತ್ತದೆ. ಹಾಗಾಗಿ ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುವಂತೆ, ಎಳೆತ ಎಲ್ಲೆಡೆ ಸಮನಾಗಿರುವಂತೆ ಸುತ್ತಿದೆ. ಮೊದಲು ದಿನವೂ, ಕೀವು ಕಡಿಮೆಯಾದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಬದಲಾಯಿಸಿದೆ. ಪಟ್ಟಿ ಒದ್ದೆಯಾದರೆ ಅಥವಾ ಜಾರಿದರೆ ಮಾತ್ರ ದಿನ ಎಣಿಸದೆ ಕೂಡಲೇ ಬಿಚ್ಚುತ್ತಿದ್ದೆ.

ಗುಲಾಬಿ ಬಣ್ಣದ ಹೊಸ ಮಾಂಸ ಗುಂಡಿಯನ್ನು ತುಂಬಿಕೊಂಡು ಬಂದಾಗ ಸಂತೋಷವಾಗುವುದು ಸಹಜ. ಆದರೆ ಕುದುರೆಯ ಕಾಲಿನಲ್ಲಿ ಅದು ಚರ್ಮದ ಮಟ್ಟದಲ್ಲಿ ನಿಲ್ಲದೆ ಉಬ್ಬುತ್ತಲೇ ಹೋಗುತ್ತದೆ, ಮತ್ತು ಆ ಉಬ್ಬಿನ ಮೇಲೆ ಹತ್ತಿ ಬರಲು ಅಂಚಿನ ಚರ್ಮಕ್ಕೆ ಆಗುವುದಿಲ್ಲ. ಈ ದುರ್ಮಾಂಸವನ್ನು ವೈದ್ಯರು ಚರ್ಮದ ಮಟ್ಟಕ್ಕೆ ಕತ್ತರಿಸಿದರು. ಅದರಲ್ಲಿ ನರಗಳಿಲ್ಲವಾದ್ದರಿಂದ ಕುದುರೆಗೆ ನೋವಾಗಲಿಲ್ಲ, ರಕ್ತ ಮಾತ್ರ ಹೇರಳವಾಗಿ ಹರಿಯಿತು. ದುರ್ಮಾಂಸವನ್ನು ಸುಡುವ ಔಷಧಿಗಳನ್ನು ಕೆಲವರು ಸೂಚಿಸುತ್ತಾರೆ. ಅವು ಅಂಚಿನ ಎಳೆಯ ಚರ್ಮವನ್ನೂ ಸುಡುತ್ತವೆಯಾದ್ದರಿಂದ ನಾನು ಅವನ್ನು ಬಳಸುವುದಿಲ್ಲ.

ಕುಂಟನ್ನು ಅಳೆಯಲು ನಾನು ದಿನವೂ ಒಂದೇ ಸಮಯವನ್ನು, ನೋವುಶಮನಿ ಕೊಡುವುದಕ್ಕೆ ಮುಂಚಿನ ಹೊತ್ತನ್ನು, ಆರಿಸಿಕೊಂಡೆ. ಔಷಧಿಯ ಬಲದಲ್ಲಿ ಚೆನ್ನಾಗಿ ನಡೆಯುವ ಕುದುರೆ ನಮಗೆ ಏನನ್ನೂ ತಿಳಿಸುವುದಿಲ್ಲ. ಗಟ್ಟಿಯಾದ ಸಮತಟ್ಟು ನೆಲದ ಮೇಲೆ ಸಡಿಲವಾದ ಹಗ್ಗದಲ್ಲಿ ಅದನ್ನು ನಡೆಸಿ, ಹಿಂದಿನಿಂದ ಸೊಂಟದ ಎರಡು ಬದಿಗಳನ್ನು ನೋಡುತ್ತಿದ್ದೆ. ನೋವಿರುವ ಹಿಂಗಾಲಿನ ಕಡೆಯ ಸೊಂಟ ಇನ್ನೊಂದು ಕಡೆಗಿಂತ ಹೆಚ್ಚು ಏರಿಳಿಯುತ್ತದೆ. ಎರಡು ಬದಿಗೂ ಬಿಳಿ ಪಟ್ಟಿಯ ತುಂಡು ಅಂಟಿಸಿದರೆ ಈ ವ್ಯತ್ಯಾಸ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಮುಂಗಾಲಿನ ಕುಂಟಾದರೆ ತಲೆಯನ್ನು ನೋಡಬೇಕು: ನೋಯುವ ಕಾಲು ನೆಲ ಮುಟ್ಟಿದಾಗ ತಲೆ ಮೇಲಕ್ಕೆ ಹೋಗುತ್ತದೆ.

ಈ ದಿನನಿತ್ಯದ ಬರಹವೇ ಮುಂದೆ ನೆರವಿಗೆ ಬಂತು. ಗಾಯ ಅರ್ಧಕ್ಕಿಂತ ಕಿರಿದಾಗಿ, ನಡಿಗೆಯೂ ಸುಧಾರಿಸಿದ್ದ ಹಂತದಲ್ಲಿ ಕುಂಟು ಮತ್ತೆ ಸ್ವಲ್ಪ ಹೆಚ್ಚಿತು. ಗಾಯದ ನಡುವಿನ ಒಂದೇ ಬಿಂದುವಿನಿಂದ ಕೀವು ಒಸರುತ್ತಿತ್ತು. ಹೊರಕ್ಕೆ ತೆರೆದುಕೊಂಡಿದ್ದ ಮೂಳೆಯ ಮೇಲ್ಪದರ ಒಣಗಿ ಸತ್ತು ಚೂರಾಗಿ ಬಿಡಿಸಿಕೊಳ್ಳುವುದು ಇಂಥ ಗಾಯಗಳಲ್ಲಿ ಅಪರೂಪವಲ್ಲ, ಮತ್ತು ಅದು ಎಕ್ಸ್‌ರೇಯಲ್ಲಿ ಕಾಣಿಸಿಕೊಳ್ಳಲು ಕೆಲವು ವಾರಗಳೇ ಬೇಕು. ಮೊದಲ ಎಕ್ಸ್‌ರೇಯಲ್ಲಿ ಏನೂ ಇರಲಿಲ್ಲ. ಈಗ ತೆಗೆಸಿದ್ದರಲ್ಲಿ ಚೂರು ಸ್ಪಷ್ಟವಾಗಿತ್ತು. ವೈದ್ಯರು ಅದನ್ನು ತೆಗೆದುಹಾಕಿದ ಮೇಲೆ ಕೀವು ನಿಂತಿತು, ನಡಿಗೆಯೂ ಸರಿದಾರಿಗೆ ಬಂತು. ಸೋಂಕಿನ ಮೂಲ ಒಳಗೇ ಉಳಿದಿದ್ದರೆ ಎಷ್ಟು ಆ್ಯಂಟಿಬಯಾಟಿಕ್ ಕೊಟ್ಟರೂ ಆ ಗಾಯ ಮುಚ್ಚುತ್ತಿರಲಿಲ್ಲ.

ಇಷ್ಟೆಲ್ಲದರ ನಡುವೆ ನನಗೆ ಹೆಚ್ಚು ಆತಂಕವಿದ್ದದ್ದು ಗಾಯವಾಗದ ಹಿಂಗಾಲಿನ ಬಗ್ಗೆ. ನಿಂತ ಕುದುರೆ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಆಗಾಗ ಬದಲಾಯಿಸುತ್ತಿರುತ್ತದೆ. ಒಂದು ಕಾಲು ನೋಯುತ್ತಿದ್ದರೆ ಆ ಬದಲಾವಣೆ ನಿಂತು, ಎಡೆಬಿಡದೆ ಭಾರ ಹೊರುವ ಗೊರಸಿನೊಳಗೆ ರಕ್ತಸಂಚಾರ ಕುಂದುತ್ತದೆ. ಆಗ ಗೊರಸಿನ ಗೋಡೆಯನ್ನು ಒಳಗಿನ ಮೂಳೆಗೆ ಹಿಡಿದಿಡುವ ಪದರಗಳು ಸಡಿಲಗೊಂಡು ಲ್ಯಾಮಿನೈಟಿಸ್ ಬರುತ್ತದೆ. ಗಾಯದಿಂದ ಉಳಿದ ಕುದುರೆಗಳೂ ಇದರಿಂದ ಸತ್ತಿವೆ. ಆದ್ದರಿಂದ ಬೆಳಿಗ್ಗೆ ಸಂಜೆ ಆ ಗೊರಸಿನ ಬಿಸಿಯನ್ನು ಅಂಗೈಯಿಂದ ನೋಡಿ, ಗೆಣ್ಣಿನ ಹಿಂಬದಿಯಲ್ಲಿ ನಾಡಿ ಬಲವಾಗಿ ಬಡಿಯುತ್ತಿದೆಯೇ ಎಂದು ಬೆರಳಿಟ್ಟು ಪರೀಕ್ಷಿಸುತ್ತಿದ್ದೆ. ಲಾಯದಲ್ಲಿ ಮೆತ್ತನೆಯ ಹಾಸು ದಪ್ಪವಾಗಿ ಹರಡಿ, ಆ ಕಾಲಿಗೂ ಆಸರೆಯ ಬ್ಯಾಂಡೇಜು ಕಟ್ಟಿದ್ದೆ. ಕುಂಟು ಇದ್ದಕ್ಕಿದ್ದಂತೆ ಮಾಯವಾದರೂ ನಾನು ಮೊದಲು ನೋಡುವುದು ಎದುರು ಕಾಲನ್ನೇ. ಎರಡನೆಯ ಕಾಲು ಹೆಚ್ಚು ನೋಯತೊಡಗಿದರೆ ಮೊದಲನೆಯದು ವಾಸಿಯಾದಂತೆ ತೋರುತ್ತದೆ. ನೋವುಶಮನಿಯನ್ನು ಪೂರ್ತಿ ಬಿಟ್ಟುಬಿಡದೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಮುಂದುವರಿಸಿದ್ದೂ ಇದಕ್ಕಾಗಿಯೇ. ಫಿನೈಲ್‌ಬ್ಯುಟಜೋನ್ ಎಂಬ ನೋವುಶಮನಿ ಹೆಚ್ಚಾದರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ; ಆದರೆ ನೋವನ್ನು ಹಾಗೆಯೇ ಬಿಟ್ಟರೆ ಎದುರು ಕಾಲು ಅದರ ಬೆಲೆ ತೆರುತ್ತದೆ.

ಲಾಯದಲ್ಲೇ ಇದ್ದಷ್ಟು ಕಾಲ ಕಾಳು ತಗ್ಗಿಸಿ ಒಣಹುಲ್ಲು ಹೆಚ್ಚಿಸಿದೆ, ಲದ್ದಿ ಗಟ್ಟಿಯಾಗದಂತೆ ನೀರು ಸದಾ ಇರುವಂತೆ ನೋಡಿಕೊಂಡೆ. ವೈದ್ಯರು ಒಪ್ಪಿದ ನಂತರ ಕೈಯಲ್ಲಿ ಹಿಡಿದು ಐದು ನಿಮಿಷದ ನಡಿಗೆಯಿಂದ ಆರಂಭಿಸಿ, ಮರುದಿನ ಬೆಳಿಗ್ಗೆ ಊತವಾಗಲಿ ಕುಂಟಾಗಲಿ ಹೆಚ್ಚಿಲ್ಲದಿದ್ದರೆ ಮಾತ್ರ ಅವಧಿಯನ್ನು ಏರಿಸಿದೆ. ಕುಕ್ಕುಲೋಟವನ್ನು ಚರ್ಮ ಪೂರ್ತಿ ಮುಚ್ಚಿದ ಮೇಲಷ್ಟೇ, ನೇರ ಗೆರೆಯಲ್ಲಿ, ಆರಂಭಿಸಿದೆ. ತಿರುವುಗಳಲ್ಲಿ ಕೀಲಿನ ಮೇಲೆ ಒತ್ತಡ ಹೆಚ್ಚುವುದರಿಂದ ವೃತ್ತಾಕಾರದ ಓಟವನ್ನು ಎಲ್ಲದಕ್ಕೂ ಕೊನೆಗೆ ಇಟ್ಟೆ. ಹೊಸ ಚರ್ಮ ತೆಳುವಾಗಿ, ಕೂದಲಿಲ್ಲದೆ ಉಳಿದಿದೆ. ಹೊರಗೆ ಬಿಡುವಾಗ ಅದಕ್ಕೆ ಈಗಲೂ ರಕ್ಷಣೆಯ ಪಟ್ಟಿ ಕಟ್ಟುತ್ತೇನೆ.