ಬಿಲ್ಲಿನ ಹೆದೆ: ನಡುಸುತ್ತು ಸಡಿಲವಾದಾಗ

ತುದಿಗಳು ಮುಂದಕ್ಕೆ ಬಾಗಿದ ರಿಕರ್ವ್ ಬಿಲ್ಲಿನ ಹೆದೆಯಲ್ಲಿ ಸಾಮಾನ್ಯವಾಗಿ ಮೊದಲು ಸವೆಯುವುದು ಎಳೆಗಳಲ್ಲ, ಅವುಗಳ ಮೇಲಿನ ದಾರದ ಸುತ್ತು. ಬೆರಳು ಹಿಡಿಯುವ, ಬಾಣದ ನಾಕ್ (ಹಿಂತುದಿಯ ಸೀಳು) ಕಚ್ಚಿಕೊಳ್ಳುವ ಜಾಗದ ಈ ನಡುಸುತ್ತು, ಅಂದರೆ ಸೆಂಟರ್ ಸರ್ವಿಂಗ್, ಇರುವುದೇ ಸವೆಯಲಿಕ್ಕೆ. ಎಳೆಗೆ ಪೆಟ್ಟು ತಗಲುವ ಮೊದಲೇ ಅದನ್ನು ಹೊಸದಾಗಿ ಸುತ್ತಿದರೆ ಹೆದೆ ಇನ್ನೂ ಬಹಳ ದಿನ ಬಾಳುತ್ತದೆ.

ದಿನದ ಆರೈಕೆ ಹೆಚ್ಚೇನಿಲ್ಲ. ಹೆದೆ ಒಣಗಿದಂತೆ, ಜುಂಗು ಎದ್ದಂತೆ ಕಂಡರೆ ಹೆದೆಮೇಣವನ್ನು ತೆಳುವಾಗಿ ಸವರಿ, ಚರ್ಮದ ತುಂಡಿನಿಂದ ಬಿಸಿಯಾಗುವವರೆಗೆ ಉಜ್ಜಿ. ಮೇಣ ಎಳೆಗಳ ಒಳಗೆ ಇಳಿಯಬೇಕು. ಸುತ್ತಿನ ಮೇಲೆ ಮೇಣ ಬೇಡ, ಅಲ್ಲಿ ಬೆರಳು ಜಾರುವ ಬಗೆಯೇ ಬದಲಾಗುತ್ತದೆ. ಒಂದೇ ಒಂದು ಎಳೆ ತುಂಡಾಗಿದ್ದರೂ ಆ ಹೆದೆಯನ್ನು ಮತ್ತೆ ಏರಿಸಬೇಡಿ.

ಸುತ್ತಿನ ನಡುವೆ ಸಂದು ಬಿಟ್ಟು ಒಳಗಿನ ಎಳೆ ಕಂಡರೆ, ಅಥವಾ ಬೆರಳಿನಿಂದ ತಳ್ಳಿದಾಗ ಸುತ್ತು ಸರಿದರೆ, ಬದಲಿಸುವ ಹೊತ್ತಾಗಿದೆ. ಬಿಚ್ಚುವ ಮೊದಲು ಬ್ರೇಸ್ ಹೈಟ್ (ಬಿಲ್ಲಿನ ಹಿಡಿಯಿಂದ ಹೆದೆಗಿರುವ ಅಂತರ; 68 ಇಂಚಿನ ಬಿಲ್ಲಿಗೆ ಸಾಮಾನ್ಯವಾಗಿ 8.5ರಿಂದ 9 ಇಂಚು), ನಾಕಿಂಗ್ ಪಾಯಿಂಟ್ (ಹೆದೆಯ ಮೇಲೆ ಬಾಣ ಕೂರಿಸುವ ಗುರುತು) ಎತ್ತರ, ಸುತ್ತಿನ ಮೇಲ್ತುದಿ ಮತ್ತು ಕೆಳತುದಿ, ಇವಿಷ್ಟನ್ನೂ T ಆಕಾರದ ಅಳತೆಪಟ್ಟಿಯಾದ ಬೋ ಸ್ಕ್ವೇರ್‌ನಿಂದ ಅಳೆದು ಬರೆದಿಡಿ. ಹಳೆಯ ದಾರ ಯಾವ ದಿಕ್ಕಿಗೆ ಸುತ್ತಿದೆ ಎಂದು ಫೋಟೊ ತೆಗೆದುಕೊಳ್ಳಿ. ಹೆದೆಯ ಹುರಿ ಇರುವ ದಿಕ್ಕಿಗೇ ಸುತ್ತಬೇಕು. ತಿರುಗುಮುರುಗಾದರೆ ಬಾಣ ಬಿಟ್ಟಂತೆಲ್ಲ ಸುತ್ತು ಸಡಿಲವಾಗುತ್ತದೆ. ಹಳೆಯ ದಾರವನ್ನು ತುದಿಯಿಂದ ಬಿಚ್ಚುತ್ತಾ ಬನ್ನಿ, ಬ್ಲೇಡ್ ಬೇಡ.

ಹೆದೆ ಬಿಲ್ಲಿಗೆ ಏರಿಸಿದ್ದಂತೆಯೇ ಕೆಲಸ ಮಾಡಿ. ಎಳೆಗಳನ್ನು ಎರಡು ಪಾಲು ಮಾಡಿ ದಾರದ ತುದಿಯನ್ನು ನಡುವೆ ತೂರಿಸಿ, ಎರಡು ಸೆಂಟಿಮೀಟರ್‌ನಷ್ಟು ಹೆದೆಯ ಉದ್ದಕ್ಕೆ ಮಲಗಿಸಿ. ಅದರ ಮೇಲೆ 10–12 ಸುತ್ತು ಕೈಯಲ್ಲೇ ಹಾಕಿ ಬಿಗಿಮಾಡಿ, ಉಳಿದ ತುದಿ ಕತ್ತರಿಸಿ. ಆಮೇಲೆ ಸರ್ವಿಂಗ್ ಜಿಗ್ (ದಾರದ ಉರುಳೆಯನ್ನು ಹೆದೆಯ ಸುತ್ತ ತಿರುಗಿಸುವ ಉಪಕರಣ) ಬಳಸಿ. ಅದರ ತಿರುಪು ಸಡಿಲವಿದ್ದರೆ ಸುತ್ತು ಸರಿಯುತ್ತದೆ. ವಿಪರೀತ ಬಿಗಿಯಾದರೆ ದಾರವೇ ತುಂಡಾಗುತ್ತದೆ. ಸುತ್ತಿಗೆ ಸುತ್ತು ಅಂಟಿಕೊಂಡೇ ಸಾಗಲಿ.

ತುದಿ ಮುಗಿಸುವಲ್ಲೇ ಹೆಚ್ಚಿನವರು ಎಡವುವುದು. ಕೊನೆಯ ಒಂದು ಸೆಂಟಿಮೀಟರ್ ಬಾಕಿ ಇರುವಾಗ, ಹಾಕಿದ ಸುತ್ತನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದು ಒಂದು ಗೇಣಿನಷ್ಟು ದಾರವನ್ನು ಕುಣಿಕೆಯಾಗಿ ಬಿಡಿ. ಕೆಲವು ಸೆಂಟಿಮೀಟರ್ ಮುಂದಿನಿಂದ ಶುರುಮಾಡಿ, ಕುಣಿಕೆಯ ಒಳಗಡೆ, ಹಿಂದಕ್ಕೆ 12–15 ಸುತ್ತು ಹಾಕುತ್ತಾ ಬನ್ನಿ. ತಿರುಗಿಸುವ ದಿಕ್ಕು ಮೊದಲಿನದೇ, ಸಾಗುವ ದಿಕ್ಕು ಮಾತ್ರ ಹಿಮ್ಮುಖ. ಇದು ತಪ್ಪಿದರೆ ಒಳಸುತ್ತು ಬಿಚ್ಚಿಕೊಳ್ಳುವ ಬದಲು ಇನ್ನಷ್ಟು ಸೇರುತ್ತಾ ಹೋಗುತ್ತದೆ. ದಾರದ ತುದಿಯನ್ನು ಹೆದೆಯುದ್ದಕ್ಕೆ ಮಲಗಿಸಿ, ಕುಣಿಕೆಯಿಂದ ಅದರ ಮೇಲೆ ಸುತ್ತುವುದನ್ನು ಮುಂದುವರಿಸಿ. ಒಳಸುತ್ತು ಪೂರ್ತಿ ಬಿಚ್ಚಿದಾಗ ತುದಿಯನ್ನು ಎಳೆದರೆ ಕುಣಿಕೆ ಒಳಸೇರುತ್ತದೆ. ಹೆಚ್ಚಿನ ದಾರ ಕತ್ತರಿಸಿ, ಲೈಟರ್‌ನಿಂದ ಸುಡಬೇಡಿ. ಹೆದೆಗೆ ಬಳಸುವ ಡೈನೀಮಾ ಎಂಬ ಪ್ಲಾಸ್ಟಿಕ್ ನಾರಿನ ಎಳೆ 150 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಕರಗುತ್ತದೆ.

ಈಗ ನಾಕ್ ಪರೀಕ್ಷೆ. ಬಾಣವನ್ನು ಹೆದೆಗೆ ಸಿಕ್ಕಿಸಿ ನೇತುಹಾಕಿ, ಹೆದೆಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಬಾಣ ತಾನಾಗಿ ನೇತಾಡುತ್ತಿರಬೇಕು, ತಟ್ಟಿದಾಗ ಕಳಚಬೇಕು. ಬಿಗಿಯಾಗಿದ್ದರೆ 0.021 ಇಂಚಿನ ದಾರದ ಬದಲು 0.018 ಬಳಸಿ ಮತ್ತೆ ಸುತ್ತಿ. ಸಡಿಲವಾದದ್ದು ಇನ್ನೂ ಅಪಾಯ: ಎಳೆಯುವಾಗ ನಾಕ್ ಕಳಚಿ ಹೆದೆ ಬರಿದೇ ಹೊಡೆದರೆ ಬಿಲ್ಲಿನ ತೋಳೇ ಸೀಳಬಹುದು.

ನಾಕಿಂಗ್ ಪಾಯಿಂಟನ್ನು ಬರೆದಿಟ್ಟ ಅಳತೆಗೇ ದಾರದಲ್ಲಿ ಕಟ್ಟಿ. ಮೂವತ್ತು ಬಾಣ ಬಿಟ್ಟ ಮೇಲೆ ಬ್ರೇಸ್ ಹೈಟ್ ಮತ್ತೊಮ್ಮೆ ಅಳೆಯಿರಿ. ಕಡಿಮೆಯಾಗಿದ್ದರೆ ಹೆದೆಗೆ ಒಂದೆರಡು ಹುರಿ ಸೇರಿಸಿ.