ಮನೆಯಲ್ಲೇ ಹಾಡು ರೆಕಾರ್ಡ್ ಮಾಡುವಾಗ ದನಿ ಕೈಕೊಟ್ಟರೆ

ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಈಗ ಮನೆಯಲ್ಲೇ ರೆಕಾರ್ಡ್ ಮಾಡುವವರು ಬಹಳ ಜನ ಸಿಗುತ್ತಾರೆ. ಭಾವಗೀತೆ, ದೇವರನಾಮ, ತಾಳಮದ್ದಳೆಯ ಪದ್ಯ, ಏನು ಬೇಕಾದರೂ ಇರಬಹುದು. ಒಂದು ಲ್ಯಾಪ್‌ಟಾಪ್, ಒಂದು ಮೈಕ್, ಮೈಕಿನ ದನಿಯನ್ನು ಲ್ಯಾಪ್‌ಟಾಪಿಗೆ ಮುಟ್ಟಿಸುವ ಸಣ್ಣದೊಂದು ಆಡಿಯೊ ಇಂಟರ್‌ಫೇಸ್ ಪೆಟ್ಟಿಗೆ, ಪುಕ್ಕಟೆ ಸಿಗುವ ಆಡಾಸಿಟಿ ಅಥವಾ 60 ದಿನ ಬಳಸಿ ನೋಡಲು ಬಿಡುವ ರೀಪರ್‌ನಂಥ ರೆಕಾರ್ಡಿಂಗ್ ಸಾಫ್ಟ್‌ವೇರ್ ಇದ್ದರೆ ಸಾಕು. ತೊಂದರೆ ಶುರುವಾಗುವುದು ರೆಕಾರ್ಡ್ ಬಟನ್ ಒತ್ತಿದ ಮೇಲೆ. ದನಿಯೇ ಬರುವುದಿಲ್ಲ. ಬಂದರೂ ಗುಂಯ್ ಅನ್ನುತ್ತದೆ. ಇಲ್ಲವೇ ತಾಳಕ್ಕೆ ಕೂರುವುದಿಲ್ಲ. ಆಗ ಹೆಚ್ಚಿನವರು ಮೊದಲು ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕುತ್ತಾರೆ. ಅದರಿಂದ ಸರಿಹೋಗುವುದು ಅಪರೂಪ.

ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ನೀರು ತರುವ ಮನೆಯವರನ್ನು ನೋಡಿ. ನೀರು ನಿಂತರೆ ನಲ್ಲಿ ಬಿಚ್ಚುತ್ತ ಕೂರುವುದಿಲ್ಲ, ಪೈಪಿನ ಜಾಡು ಹಿಡಿದು ಹೊರಡುತ್ತಾರೆ. ದನಿಯನ್ನೂ ಹಾಗೇ ಹುಡುಕಬೇಕು. ಮೈಕ್, ಕೇಬಲ್, ಇಂಟರ್‌ಫೇಸ್, ವಿಂಡೋಸ್, ಕೊನೆಗೆ ಸಾಫ್ಟ್‌ವೇರ್. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಅಂತ ತಿಳಿಯುವುದಿಲ್ಲ, ಮುಂದಿನ ಸಲ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ದನಿಯೇ ಬರುತ್ತಿಲ್ಲ

ಕಂಡೆನ್ಸರ್ ಮೈಕ್ ಆದರೆ ಇಂಟರ್‌ಫೇಸಿನ 48 ವೋಲ್ಟ್ ಬಟನ್ ಒತ್ತಿದ್ದೀರಾ ನೋಡಿ. ಅದಿಲ್ಲದೆ ಆ ಮೈಕ್ ಕೆಲಸ ಮಾಡುವುದಿಲ್ಲ. ಗೇನ್ (ಮೈಕಿನ ದನಿಯನ್ನು ಏರಿಸುವ ತಿರುಗುಣಿ) ತಿರುಗಿಸಿ ಮಾತಾಡಿದಾಗ ಇಂಟರ್‌ಫೇಸಿನ ಹಸಿರು ದೀಪ ಮಿನುಗಿದರೆ ಅಲ್ಲಿಯವರೆಗೆ ಎಲ್ಲ ಸರಿ. ಮುಂದೆ ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ, ಅದರೊಳಗೆ ಮೈಕ್ರೊಫೋನ್ ತೆರೆಯಿರಿ. ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಮೈಕ್ ಕೊಡುವ ಸ್ವಿಚ್ ಆಫ್ ಆಗಿದ್ದರೆ ಸಾಫ್ಟ್‌ವೇರಿಗೆ ದನಿ ಮುಟ್ಟದೇ ಇರಬಹುದು. ಅದೂ ಸರಿಯಿದ್ದರೆ ಸಾಫ್ಟ್‌ವೇರಿನಲ್ಲಿ ಯಾವ ಮೈಕ್ ಆಯ್ಕೆಯಾಗಿದೆ ನೋಡಿ. ಎಷ್ಟೋ ಸಲ ಲ್ಯಾಪ್‌ಟಾಪಿನ ಒಳಗಿನ ಮೈಕೇ ಅಲ್ಲಿ ಕೂತಿರುತ್ತದೆ.

ಎಡಗಿವಿಯಲ್ಲಿ ಮಾತ್ರ ಕೇಳುತ್ತಿದೆಯಾ? ಒಂದೇ ಮೈಕಿಗೆ ಸ್ಟೀರಿಯೊ ಟ್ರ್ಯಾಕ್ ತೆಗೆದುಕೊಂಡಿದ್ದೀರಿ. ಮೋನೊ (ಒಂದೇ ಚಾನೆಲ್) ಮಾಡಿ.

ಹಾಡು ತಾಳಕ್ಕಿಂತ ಹಿಂದೆ ಬೀಳುತ್ತಿದೆ

ಹೆಚ್ಚು ಜನರನ್ನು ಕಂಗೆಡಿಸುವುದು ಇದೇ. ಮೊದಲು ಮದ್ದಳೆ ರೆಕಾರ್ಡ್ ಮಾಡಿರುತ್ತೀರಿ. ಅದನ್ನು ಕೇಳಿಕೊಂಡು ಸರಿಯಾಗಿಯೇ ಹಾಡಿರುತ್ತೀರಿ. ಎರಡನ್ನೂ ಸೇರಿಸಿ ಕೇಳಿದರೆ ಹಾಡು ಹಿಂದೆ. ತಪ್ಪು ನಿಮ್ಮ ಲಯದ್ದಲ್ಲ.

ಕಂಪ್ಯೂಟರ್ ದನಿಯನ್ನು ತುಂಡುತುಂಡಾಗಿ ತೆಗೆದುಕೊಳ್ಳುತ್ತದೆ. ಆ ತುಂಡಿನ ಅಳತೆಗೆ ಬಫರ್ ಅನ್ನುತ್ತಾರೆ. ಒಂದು ಸೆಕೆಂಡಿಗೆ ದನಿಯನ್ನು ಎಷ್ಟು ಸಲ ಅಳೆಯುತ್ತದೆ ಅನ್ನುವುದು ಸ್ಯಾಂಪಲ್ ರೇಟ್. ಅದು 44,100 ಇದ್ದಾಗ 256 ಸ್ಯಾಂಪಲ್‌ಗಳ ಬಫರ್ ಅಂದರೆ ಸುಮಾರು 5.8 ಮಿಲಿಸೆಕೆಂಡ್. 1024 ಆದರೆ 23 ಮಿಲಿಸೆಕೆಂಡ್. ದನಿ ಒಳಗೆ ಹೋಗುವಾಗಲೂ ಇಷ್ಟು, ಹೊರಗೆ ಬರುವಾಗಲೂ ಇಷ್ಟು. ಹಾಡುತ್ತ ನಿಮ್ಮ ದನಿಯನ್ನು ಸಾಫ್ಟ್‌ವೇರಿನ ಮೂಲಕವೇ ಕೇಳಿಸಿಕೊಳ್ಳುವುದಾದರೆ ಬಫರ್ 128 ಅಥವಾ 256 ಇಡಿ. ಟಕ್ ಟಕ್ ಅಂತ ದನಿ ಕಡಿಯತೊಡಗಿದರೆ ಒಂದು ಮೆಟ್ಟಿಲು ಏರಿಸಿ. ಹಾಡಿ ಮುಗಿದು ಮಿಕ್ಸಿಂಗ್‌ಗೆ ಕೂತಾಗ 1024ಕ್ಕೆ ಹಾಕಿ, ಲ್ಯಾಪ್‌ಟಾಪಿಗೆ ಭಾರ ತಗ್ಗುತ್ತದೆ. ವಿಂಡೋಸ್‌ನಲ್ಲಿ ರೀಪರ್ ಬಳಸುವವರು ಇಂಟರ್‌ಫೇಸ್ ಕಂಪನಿಯದ್ದೇ ಎಎಸ್ಐಒ (ASIO, ವಿಳಂಬ ತಗ್ಗಿಸುವ) ಡ್ರೈವರ್ ಹಾಕಿಕೊಳ್ಳಿ. ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ (ಮೈಕಿನ ದನಿಯನ್ನು ಕಂಪ್ಯೂಟರ್ ಸುತ್ತಿಸದೆ ನೇರ ಹೆಡ್‌ಫೋನಿಗೆ ಕೊಡುವ ಸ್ವಿಚ್) ಇದ್ದರೆ ಇನ್ನೂ ಒಳ್ಳೆಯದು. ಅದನ್ನು ಹಾಕಿ, ಸಾಫ್ಟ್‌ವೇರಿನ ಮಾನಿಟರಿಂಗ್ ಆಫ್ ಮಾಡಿ. ಎರಡೂ ಆನ್ ಇದ್ದರೆ ನಿಮ್ಮ ದನಿ ನಿಮಗೇ ಎರಡೆರಡು ಸಲ ಕೇಳುತ್ತದೆ.

ಆಡಾಸಿಟಿಯಲ್ಲಿ ಈ ಅಂತರವನ್ನು ಅಳೆದೇ ಸರಿಪಡಿಸಬಹುದು. ಪ್ರಿಫರೆನ್ಸಸ್‌ನ ಆಡಿಯೊ ಸೆಟ್ಟಿಂಗ್ಸ್‌ನಲ್ಲಿ ಲೇಟೆನ್ಸಿ ಕಾಂಪೆನ್ಸೇಶನ್ (ವಿಳಂಬ ಸರಿದೂಗಿಸುವುದು) ಅಂತ ಇದೆ. ಮೊದಲಿಗೆ ಅಲ್ಲಿ -130 ಮಿಲಿಸೆಕೆಂಡ್ ಇರುತ್ತದೆ. ಅದನ್ನು 0 ಮಾಡಿ. ಜನರೇಟ್ ಮೆನುವಿನಿಂದ ರಿದಮ್ ಟ್ರ್ಯಾಕ್ ತೆಗೆದುಕೊಳ್ಳಿ. ಹೆಡ್‌ಫೋನನ್ನು ಮೈಕಿಗೆ ಒತ್ತಿ ಹಿಡಿದು, ಆ ಟಿಕ್ ಟಿಕ್ಕನ್ನೇ ಇನ್ನೊಂದು ಟ್ರ್ಯಾಕಿಗೆ ರೆಕಾರ್ಡ್ ಮಾಡಿ. ಈಗ ಚೆನ್ನಾಗಿ ಝೂಮ್ ಮಾಡಿ. ಮೇಲಿನ ಟಿಕ್ಕಿಗೂ ಕೆಳಗಿನ ಟಿಕ್ಕಿಗೂ ನಡುವೆ ಖಾಲಿ ಜಾಗ ಕಾಣುತ್ತದೆ. ಅಲ್ಲಿ ಮೌಸ್ ಎಳೆದರೆ ಅಂತರ ಎಷ್ಟು ಅಂತ ಕೆಳಗೆ ತೋರಿಸುತ್ತದೆ. ಅದು 210 ಮಿಲಿಸೆಕೆಂಡ್ ಬಂತು ಅಂದುಕೊಳ್ಳಿ. ಸೆಟ್ಟಿಂಗ್‌ನಲ್ಲಿ -210 ಬರೆಯಿರಿ. ಮತ್ತೊಮ್ಮೆ ರೆಕಾರ್ಡ್ ಮಾಡಿದರೆ ಎರಡೂ ಟಿಕ್ ಒಂದರ ಕೆಳಗೊಂದು ನಿಲ್ಲುತ್ತವೆ.

ಇಷ್ಟೆಲ್ಲ ಮಾಡುವಾಗ ಬ್ಲೂಟೂತ್ ಇಯರ್‌ಫೋನ್ ಮಾತ್ರ ಬೇಡ. ಅದರ ವಿಳಂಬವನ್ನು ಯಾವ ಬಫರೂ ಕಡಿಮೆ ಮಾಡುವುದಿಲ್ಲ. ವೈರ್ ಇರುವುದನ್ನೇ ಹಾಕಿಕೊಳ್ಳಿ.

ಶ್ರುತಿ ಇಳಿದಿದೆ, ಹಾಡು ಎಳೆದ ಹಾಗಿದೆ

48,000 ಸ್ಯಾಂಪಲ್ ರೇಟಿನಲ್ಲಿ ರೆಕಾರ್ಡ್ ಆದದ್ದನ್ನು 44,100ರಲ್ಲಿ ನುಡಿಸಿದರೆ ಹೀಗಾಗುತ್ತದೆ. ನಾಲ್ಕು ನಿಮಿಷದ ಹಾಡು ನಾಲ್ಕು ನಿಮಿಷ 21 ಸೆಕೆಂಡ್ ಆಗುತ್ತದೆ. ಕಪ್ಪು ಎರಡರ ಶ್ರುತಿಯಲ್ಲಿ ಹಾಡಿದ್ದರೆ ಕಪ್ಪು ಒಂದಕ್ಕೂ ಬಿಳಿ ಎರಡಕ್ಕೂ ನಡುವೆ ಎಲ್ಲೋ ಬಂದು ನಿಲ್ಲುತ್ತದೆ, ಹಾರ್ಮೋನಿಯಂ ಜೊತೆ ಸೇರುವುದೇ ಇಲ್ಲ. ಹಾಡಿದ್ದೇನೂ ಹಾಳಾಗಿಲ್ಲ. ಆಡಾಸಿಟಿಯಲ್ಲಿ ಆ ಟ್ರ್ಯಾಕಿನ ಮೆನು ತೆರೆದು ರೇಟ್ 48,000 ಅಂತ ಬದಲಿಸಿದರೆ ಶ್ರುತಿ ಜಾಗಕ್ಕೆ ಬರುತ್ತದೆ. ಮುಂದೆ ಹೀಗಾಗದಂತೆ ಇಂಟರ್‌ಫೇಸ್, ವಿಂಡೋಸ್, ಸಾಫ್ಟ್‌ವೇರ್ ಮೂರರಲ್ಲೂ ಒಂದೇ ಅಂಕಿ ಇಡಿ.

ದನಿ ಒಡೆದಿದೆ

ಮೀಟರ್ 0 ಮುಟ್ಟಿ ಕೆಂಪಾದರೆ ದನಿ ಒಡೆಯುತ್ತದೆ. ಆಮೇಲೆ ವಾಲ್ಯೂಮ್ ಇಳಿಸಿದರೂ ಒಡೆದದ್ದು ಒಡೆದೇ ಇರುತ್ತದೆ. ಹಾಡಿನ ಅತಿ ಜೋರಾದ ಸಾಲನ್ನೇ ಮೊದಲು ಹಾಡಿ, ಮೀಟರ್ -12ರಿಂದ -6 ಡೆಸಿಬೆಲ್‌ನ ನಡುವೆ ಆಡುವಂತೆ ಗೇನ್ ಇಡಿ. ಚೆಂಡೆಗೆ ಗೇನ್ ಇನ್ನೂ ತಗ್ಗಿಸಿ, ಮೈಕನ್ನು ದೂರವಿಡಿ.

ಗುಂಯ್ ಅನ್ನುವ ಶಬ್ದ

ನಮ್ಮ ಕರೆಂಟು 50 ಹರ್ಟ್ಸ್‌ನದು. ಆ ಗುಂಯ್ ಹೆಚ್ಚಾಗಿ ಅಲ್ಲಿಂದಲೇ ಬರುತ್ತದೆ. ಮೊದಲು ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ರೆಕಾರ್ಡ್ ಮಾಡಿ ನೋಡಿ. ಶಬ್ದ ನಿಂತಿತಾ? ಹಾಗಾದರೆ ಅರ್ಥಿಂಗ್ ಕಡೆ ಗಮನ ಕೊಡಿ. ಎಲ್ಲ ಪ್ಲಗ್‌ಗಳನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ತನ್ನಿ. ಬೇಸಿಗೆಯಲ್ಲಿ ಅರ್ಥ್ ಗುಂಡಿಯ ಮಣ್ಣು ಒಣಗಿದರೆ ಅರ್ಥಿಂಗ್ ದುರ್ಬಲವಾಗುತ್ತದೆ. ಅದಕ್ಕೇ ಹಳಬರು ಗುಂಡಿಗೆ ನೀರು ಹಾಕುತ್ತಿದ್ದದ್ದು. ನೀವೂ ಹಾಕಿ, ಒಮ್ಮೆ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಗುಂಯ್ ನಿಲ್ಲಲಿ ಅಂತ ಪ್ಲಗ್ಗಿನ ಮೂರನೇ ಪಿನ್ ಮುರಿಯುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಶಾಕ್ ಹೊಡೆದರೆ ಜೀವ ಹೋದೀತು.

ಕರೆಂಟು ಹೋಗಿ ಇನ್ವರ್ಟರ್ ಮೇಲೆ ನಡೆಯುವಾಗ ಮಾತ್ರ ಶಬ್ದ ಬಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್ (ಕರೆಂಟಿನ ಅಲೆಯನ್ನು ನಯವಾಗಿ ಕೊಡದ ಬಗೆ) ಇರಬಹುದು. ಅಂಥ ಹೊತ್ತಿನಲ್ಲಿ ಲ್ಯಾಪ್‌ಟಾಪಿನ ಬ್ಯಾಟರಿಯಲ್ಲೇ ಹಾಡಿ ಮುಗಿಸಿ. ಗುಡುಗು ಕೇಳಿದರಂತೂ ಚಾರ್ಜರ್ ಮತ್ತು ಇಂಟರ್‌ನೆಟ್ ಕೇಬಲ್ ಎರಡನ್ನೂ ಕಿತ್ತಿಡಿ.

ಮಳೆ ಮತ್ತು ಥಂಡಿ

ಆಗುಂಬೆ ಸೀಮೆಯ ಮಳೆ ತಗಡಿನ ಶೀಟಿನ ಮೇಲೆ ಬಿದ್ದರೆ ಪಕ್ಕದವರ ಮಾತೇ ಕೇಳುವುದಿಲ್ಲ, ಇನ್ನು ರೆಕಾರ್ಡಿಂಗ್ ಎಲ್ಲಿ? ಸಾಫ್ಟ್‌ವೇರಿನಲ್ಲಿ ಗದ್ದಲ ತಗ್ಗಿಸುವ ನಾಯ್ಸ್ ರಿಡಕ್ಷನ್ ಇದೆಯಲ್ಲ ಅಂತ ನೆಚ್ಚಿಕೊಳ್ಳಬೇಡಿ. ಅದು ಫ್ಯಾನಿನಂಥ ಒಂದೇ ಸಮನೆಯ ಶಬ್ದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಜೋರು ಮಳೆಯನ್ನು ತೆಗೆಯಹೊರಟರೆ ಹಾಡಿನ ಜೀವವೂ ಜೊತೆಗೆ ಹೋಗುತ್ತದೆ. ಹಾಡುವ ಮೊದಲು ಐದಾರು ಸೆಕೆಂಡ್ ಸುಮ್ನೆ ಇದ್ದು, ಆ ಭಾಗದಿಂದಲೇ ನಾಯ್ಸ್ ಪ್ರೊಫೈಲ್ (ಬರೀ ಗದ್ದಲದ ಮಾದರಿ) ತೆಗೆದುಕೊಳ್ಳಿ. 6ರಿಂದ 12 ಡೆಸಿಬೆಲ್‌ಗಿಂತ ಜಾಸ್ತಿ ತಗ್ಗಿಸಬೇಡಿ.

ಅದಕ್ಕಿಂತ ಮೈಕನ್ನು ಹತ್ತಿರ ತರುವುದು ಮೇಲು. ಎರಡು ಗೇಣು ದೂರದಲ್ಲಿದ್ದ ಮೈಕನ್ನು ಒಂದು ಗೇಣಿಗೆ ತಂದರೆ ನಿಮ್ಮ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಮಳೆಯ ಶಬ್ದ ಇದ್ದಷ್ಟೇ ಇರುತ್ತದೆ. ಕಿಟಕಿಯಿಲ್ಲದ ಒಳಕೋಣೆ ಸಿಕ್ಕರೆ ಅಲ್ಲಿ ಕೂತು, ಹಿಂದೆ ಒಂದು ದಪ್ಪ ಕಂಬಳಿ ಇಳಿಬಿಡಿ.

ಮಳೆಗಾಲದಲ್ಲಿ ಕಂಡೆನ್ಸರ್ ಮೈಕ್ ಚಟ್ ಚಟ್ ಅಂದರೆ ಒಳಗೆ ತೇವ ಕೂತಿರಬಹುದು. ಒಲೆಯ ಹತ್ತಿರ ಇಟ್ಟು ಒಣಗಿಸಲು ಹೋಗಬೇಡಿ. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಂದು ದಿನ ಇಡಿ, ಮಳೆಗಾಲ ಮುಗಿಯುವವರೆಗೂ ಅದರ ಜಾಗ ಅಲ್ಲೇ ಆಗಲಿ. ಆಷಾಢ, ಶ್ರಾವಣದಲ್ಲಿ ಹೆಚ್ಚು ರೆಕಾರ್ಡ್ ಮಾಡುವವರು ಡೈನಾಮಿಕ್ ಮೈಕ್ ಕೊಳ್ಳುವುದೇ ವಾಸಿ. ಅದು ತೇವಕ್ಕೆ ಅಷ್ಟು ಬೇಗ ಜಗ್ಗುವುದಿಲ್ಲ.

ಫೈಲ್ ಹೋಯಿತು

ಪ್ರಾಜೆಕ್ಟನ್ನು ಲ್ಯಾಪ್‌ಟಾಪಿನ ಒಳಗಿನ ಡಿಸ್ಕಿನಲ್ಲೇ ಸೇವ್ ಮಾಡಿ. ಕೆಲಸ ನಡೆಯುವಾಗ ಪೆನ್‌ಡ್ರೈವ್, ಕ್ಲೌಡ್ ಫೋಲ್ಡರ್ ಬೇಡ. ಆಡಾಸಿಟಿಯಲ್ಲಿ ಒಂದು ಮೋನೊ ಟ್ರ್ಯಾಕಿಗೆ ನಿಮಿಷಕ್ಕೆ ಸುಮಾರು 10 ಎಂಬಿ ಬೇಕು, ಜಾಗ ಇದೆಯಾ ಮೊದಲೇ ನೋಡಿ. ಕರೆಂಟು ಹೋಗಿ ಕಂಪ್ಯೂಟರ್ ನಿಂತರೆ ಗಾಬರಿ ಬೇಡ. ಆಡಾಸಿಟಿಯನ್ನು ಮತ್ತೆ ತೆರೆದಾಗ ಉಳಿದದ್ದನ್ನು ರಿಕವರ್ ಮಾಡಲೇ ಅಂತ ಅದೇ ಕೇಳುತ್ತದೆ, ಹೂಂ ಅನ್ನಿ.

ಇನ್ನು, ಎಯುಪಿ3 ಅಂತ ಕೊನೆಯಾಗುವ ಫೈಲನ್ನು ಯಾರಿಗೂ ಕಳಿಸಬೇಡಿ. 2021ರಲ್ಲಿ ಬಂದ ಆಡಾಸಿಟಿ 3.0ದಿಂದ ಪ್ರಾಜೆಕ್ಟ್ ಆ ರೂಪದಲ್ಲಿ ಉಳಿಯುತ್ತದೆ, ಬೇರೆಯವರ ಫೋನಿನಲ್ಲಿ ತೆರೆಯುವುದಿಲ್ಲ. ಎಕ್ಸ್‌ಪೋರ್ಟ್ ಮಾಡಿ ವೇವ್ ಫೈಲ್ ತೆಗೆದಿಟ್ಟುಕೊಳ್ಳಿ, ವಾಟ್ಸ್‌ಆ್ಯಪಿಗೆ ಎಂಪಿ3 ಮಾಡಿ ಕಳಿಸಿ.