ಮಳೆ ನಕ್ಷತ್ರದ ಲೆಕ್ಕ ಕೈಹಿಡಿಯಿತು

ಈ ಮಳೆಗಾಲದಲ್ಲಿ ನನ್ನ ಐದನೇ ತರಗತಿಯ ಹುಡುಗಿಯೊಬ್ಬಳು ಯಾರೂ ಹೇಳಿಕೊಡದೆ ಸ್ತಂಭಾಲೇಖ ಬರೆದಳು. ಅಡಿಗೆರೆಯಲ್ಲಿ ಜೂನ್, ಜುಲೈ ಇರಲಿಲ್ಲ. ನಮ್ಮ ರೈತರು ಮಳೆಗಾಲವನ್ನು ಎಣಿಸುವ ಮಳೆ ನಕ್ಷತ್ರಗಳು, ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು ಇದ್ದವು. ಮೂರು ವರ್ಷ ನನ್ನನ್ನು ‘ಪಂಚಾಂಗದ ಮಾಸ್ತರು’ ಎಂದವರೇ ಅದನ್ನು ಗೋಡೆಗೆ ಅಂಟಿಸಿದರು. ಹೆಮ್ಮೆಯಾಯಿತು, ಮುಚ್ಚಿಡುವುದಿಲ್ಲ.

ಭಾರತೀಯರಿಗೆ ಇಂಗ್ಲಿಷ್ ಶಿಕ್ಷಣವೇ ಬೇಕು ಎಂದ ಮೆಕಾಲೆಯ 1835ರ ಟಿಪ್ಪಣಿಯನ್ನು ನಾವೆಲ್ಲ ತರಬೇತಿಗಳಲ್ಲಿ ಬಯ್ದು ಬಂದವರೇ. ಆದರೆ ಮೊದಲ ವರ್ಷ ದಾನಿಗಳ ಸುಮಾರು 28 ಸಾವಿರ ರೂಪಾಯಿಯನ್ನು ಪ್ರೊಜೆಕ್ಟರಿಗೆ ಸುರಿದು ನಾನು ತೋರಿಸಿದ್ದೇನು? ಎಲೆ ಉದುರಿಸುವ ಮೇಪಲ್ ಮರ, ಬಿಳಿ ಹಿಮ. ಎರೆಹೊಲದ ಮಕ್ಕಳು ‘ನಮ್ಮೂರಲ್ಲಿ ಹಿಮ ಯಾವಾಗ ಬೀಳುತ್ತದೆ ಸರ್?’ ಎಂದು ಕೇಳಿದರು. ಕನ್ನಡದ ಧ್ವನಿ ಕೂರಿಸಿದ ಮಾತ್ರಕ್ಕೆ ಪಾಠ ನಮ್ಮದಾಗಿರಲಿಲ್ಲ. ಮರುವರ್ಷ ಬಲ್ಬ್ ಸುಟ್ಟಿತು. ಹೊಸದಕ್ಕೆ 9 ಸಾವಿರ ಕೇಳಿದರು. ಅಲ್ಲಿಗೆ ಕೈಬಿಟ್ಟೆ.

ಆಮೇಲೆ ಮಳೆ, ಬಿತ್ತನೆಯ ಬಗ್ಗೆ ಊರ ಹಿರಿಯರ ಮಾತನ್ನು ಮೊಬೈಲಿನಿಂದಲೇ ಅಕ್ಷರಕ್ಕಿಳಿಸಲು ಹೋಗಿ ಎರಡು ತಿಂಗಳ ರಾತ್ರಿಗಳನ್ನು ಕಳೆದೆ. ನಮ್ಮ ಭಾಗದ ಮಾತು ಅದಕ್ಕೆ ದಕ್ಕಲೇ ಇಲ್ಲ. ಬರಹದ ಹಂಬಲ ಬಿಟ್ಟು ಧ್ವನಿಯನ್ನೇ ಉಳಿಸಿಕೊಂಡಾಗ ದಾರಿ ಸಿಕ್ಕಿತು. ಹಳೆಯ ಮೊಬೈಲಿಗೆ 4 ಸಾವಿರ, ಸ್ಪೀಕರಿಗೆ 900 ಇರಬೇಕು, ಇಂಟರ್ನೆಟ್ ಬೇಡ. ಒಂದೊಂದು ನಕ್ಷತ್ರದ ಮಳೆಗೆ ಎರಡೆರಡು ನಿಮಿಷದ ಧ್ವನಿಮುದ್ರಣ: ಯಾವ ಗಾಳಿ, ಯಾವ ಬಿತ್ತನೆ. ಮಕ್ಕಳು ತಂದ 60 ಧ್ವನಿಮುದ್ರಣಗಳಲ್ಲಿ 40 ಬಳಸುವಂತಿದ್ದವು. ಅಜ್ಜಿಯರು ನಾಚದೆ ಮಾತನಾಡಲು ಒಂದು ಉಪಾಯವಿದೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಅಳತೆಗೆ ಬಾಟಲಿಯ ಮಳೆಮಾಪಕ. ಮೊದಲನೆಯದನ್ನು ಮೇಕೆ ಉರುಳಿಸಿತು. ಎರಡನೆಯದರ ತಳ ಉಬ್ಬುತಗ್ಗಾಗಿ ಲೆಕ್ಕ ತಪ್ಪಿತು. ಮೂರನೆಯದರ ತಳಕ್ಕೆ ಸಿಮೆಂಟ್ ಹಾಕಿ ಸಮ ಮಾಡಿದ ಮೇಲೆ, ಪಂಚಾಯಿತಿಯ ಸ್ವಯಂಚಾಲಿತ ಮಾಪಕಕ್ಕೂ ನಮಗೂ ಎರಡು ಮೂರು ಮಿಲಿಮೀಟರಿನ ವ್ಯತ್ಯಾಸವಷ್ಟೇ. ಒಂದು ನಕ್ಷತ್ರಕ್ಕೆ 13–14 ದಿನ. ಆಲೇಖದ ಕಂಬಗಳನ್ನು ಹೋಲಿಸುವುದು ಸಲೀಸು, ಮನೆಯವರ ನೆನಪೂ ಅದೇ ಲೆಕ್ಕದಲ್ಲಿದೆ. ‘ರೋಹಿಣಿ ಮಳೆ ಬಂದರೆ ಓಣಿ ತುಂಬ ಜೋಳ’ ಎಂಬ ಗಾದೆಯನ್ನೂ ಅಂಕಿಗಳ ಪಕ್ಕ ಇಟ್ಟು ನೋಡಿದೆವು. ಒಂದು ವರ್ಷ ಅದು ಸುಳ್ಳಾಯಿತು. ಹಾಗೆಂದೇ ವಹಿಯಲ್ಲಿ ಬರೆದಿದ್ದೇವೆ.

ಇದರ ನಡುವೆ ಹೊಲ ಅಳೆಯಲೂ ಹೊರಟೆವು. ಗುಂಟೆಯ ಅಳತೆ ನಮ್ಮದೇ ಎಂದು ತಿಳಿದಿದ್ದೆ. 33 ಅಡಿಗೆ 33 ಅಡಿಯ ಆ ಚೌಕ ಬ್ರಿಟಿಷರ ಮೋಜಣಿಯ ಸರಪಳಿಯಿಂದ ಬಂದದ್ದು. ಅಜ್ಜ ಒಬ್ಬರು ಮಾತ್ರ ತಮ್ಮ ಹೊಲವನ್ನು ಬೀಜ ಬಿತ್ತುವ ಕೂರಿಗೆಯ ಲೆಕ್ಕದಲ್ಲಿ ಹೇಳಿದರು. ಒಂದು ಕೂರಿಗೆ ಎಂದರೆ ಎಷ್ಟು ಗುಂಟೆ ಎಂದು ಮಕ್ಕಳು ಮೊಬೈಲ್ ಹಿಡಿದು ಮನೆಮನೆಗೆ ಹೋಗುತ್ತಿದ್ದಾರೆ. ಈವರೆಗೆ ಮೂರು ಬೇರೆ ಬೇರೆ ಉತ್ತರಗಳು ಬಂದಿವೆ.